ನೂರು ಕಿಲೋವ್ಯಾಟ್ ದಾಟಿದ ಹಳೆ ಕಟ್ಟಡ: ಇಂಧನ ಸಂಹಿತೆ ನವೀಕರಣಕ್ಕೂ ಬಂದ ಬಗೆ

ಬೆಂಗಳೂರಿನಲ್ಲಿ ಹಳೆಯ ವಾಣಿಜ್ಯ ಕಟ್ಟಡವನ್ನು ಕಚೇರಿಯಾಗಿಯೋ ಆಸ್ಪತ್ರೆಯಾಗಿಯೋ ಬದಲಾಯಿಸಲು ಹೊರಟವರು ಮೊದಲು ನಕ್ಷೆ ಬಿಡಿಸಿ ಕೂರುತ್ತಾರೆ. ಅದಕ್ಕೂ ಮುಂಚೆ ತೆಗೆದು ನೋಡಬೇಕಾದ್ದು ವಿದ್ಯುತ್ ಬಿಲ್ಲು. ಮಂಜೂರಾದ ಲೋಡು ಈಗ ಎಷ್ಟಿದೆ, ಎ.ಸಿ., ಲಿಫ್ಟು ಎಲ್ಲ ಸೇರಿದ ಮೇಲೆ ಎಷ್ಟಾಗುತ್ತದೆ? ಸಂಪರ್ಕಿತ ಲೋಡು (ಜೋಡಿಸಿದ ಉಪಕರಣಗಳ ಒಟ್ಟು ವಿದ್ಯುತ್ ಸಾಮರ್ಥ್ಯ) 100 ಕಿಲೋವ್ಯಾಟ್ ಅಥವಾ ಒಪ್ಪಂದದ ಬೇಡಿಕೆ (ವಿದ್ಯುತ್ ಕಂಪನಿಯೊಡನೆ ಒಪ್ಪಿಕೊಂಡ ಗರಿಷ್ಠ ಬೇಡಿಕೆ) 120 ಕೆವಿಎ ಮುಟ್ಟಿದರೆ ಇಂಧನ ಸಂರಕ್ಷಣಾ ಕಟ್ಟಡ ಸಂಹಿತೆ (ಇಸಿಬಿಸಿ) ಅನ್ವಯವಾಗುತ್ತದೆ. ಫ್ಯಾನಿನಲ್ಲೇ ನಡೆಯುತ್ತಿದ್ದ ಕಟ್ಟಡಕ್ಕೆ ಪೂರ್ತಿ ಎ.ಸಿ. ಹಾಕಿದಾಗ ಈ ಗಡಿ ದಾಟುವುದು ಕಷ್ಟವೇನಲ್ಲ.

ಇದರ ಬೇರು ಇರುವುದು 2001ರ ಇಂಧನ ಸಂರಕ್ಷಣಾ ಕಾಯ್ದೆಯಲ್ಲಿ. 2002ರ ಮಾರ್ಚ್ 1ರಂದು ಕಾಯ್ದೆ ಜಾರಿಗೆ ಬಂತು, ಇಂಧನ ದಕ್ಷತಾ ಬ್ಯೂರೋ ಹುಟ್ಟಿದ್ದೂ ಅಂದೇ. ಸಂಹಿತೆ ರೂಪಿಸುವುದು ಕೇಂದ್ರ, ಸ್ಥಳೀಯ ಹವೆಗೆ ತಕ್ಕಂತೆ ತಿದ್ದಿಕೊಳ್ಳುವುದು ರಾಜ್ಯ ಎಂದು ಕಾಯ್ದೆಯೇ ಕೆಲಸ ಹಂಚಿಕೊಟ್ಟಿತು. ಮೊದಲ ಸಂಹಿತೆ ಬಂದದ್ದು 2007ರ ಮೇ 27ರಂದು. ಆಗ ಅದು ಐಚ್ಛಿಕ. ಗಡಿಯೂ 500 ಕಿಲೋವ್ಯಾಟ್ ಇದ್ದದ್ದರಿಂದ ದೊಡ್ಡ ಐಟಿ ಪಾರ್ಕುಗಳಂಥವು ಬಿಟ್ಟರೆ ಉಳಿದವರಿಗೆ ಅದರ ಬಿಸಿ ತಟ್ಟಲಿಲ್ಲ. 2010ರಲ್ಲಿ ಗಡಿ 100ಕ್ಕೆ ಇಳಿದಾಗ ಮಧ್ಯಮ ಗಾತ್ರದ ಕಟ್ಟಡಗಳೂ ಒಳಗೆ ಬಂದವು.

ಅದೇ 2007ರ ನವೆಂಬರಿನಲ್ಲಿ ಕರ್ನಾಟಕ ಸರ್ಕಾರ ಸೌರ ವಾಟರ್ ಹೀಟರ್ ಕಡ್ಡಾಯ ಮಾಡಿತ್ತು. ಆ ಆದೇಶ ಬೇಗ ಬೇರೂರಿತು, ಏಕೆಂದರೆ ಅದನ್ನು ವಿದ್ಯುತ್ ಸಂಪರ್ಕಕ್ಕೇ ಗಂಟು ಹಾಕಲಾಗಿತ್ತು. ಇಸಿಬಿಸಿಗೆ ಆ ಭಾಗ್ಯ ಇರಲಿಲ್ಲ. ರಾಜ್ಯದ ಅಧಿಸೂಚನೆ, ಆಮೇಲೆ ಸ್ಥಳೀಯ ಸಂಸ್ಥೆಗಳ ಕಟ್ಟಡ ಉಪವಿಧಿ, ಆಮೇಲೆ ನಕ್ಷೆ ಮಂಜೂರಾತಿಯ ಮೇಜು, ಹೀಗೆ ಸುತ್ತಿ ಬರಬೇಕಾಯಿತು. ಕರ್ನಾಟಕದಲ್ಲಿ ಇದರ ಹೊಣೆ ರಾಜ್ಯದ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ಸಂಸ್ಥೆಯಾದ ಕ್ರೆಡಲ್‌ನದು. 2017ರಲ್ಲಿ ಸಂಹಿತೆ ಪೂರ್ತಿ ಪರಿಷ್ಕರಣೆಯಾಯಿತು, 2018ರಲ್ಲಿ ವಸತಿ ಕಟ್ಟಡಗಳಿಗೆ ಇಕೋ ನಿವಾಸ್ ಸಂಹಿತಾ ಬಂತು, ಕಾಯ್ದೆಗೆ ಬಂದ 2022ರ ತಿದ್ದುಪಡಿ ಸಂಹಿತೆಯ ಹೆಸರಿಗೆ ‘ಸುಸ್ಥಿರ’ ಎಂಬುದನ್ನೂ ಸೇರಿಸಿತು. 2024ರ ಹೊಸ ಆವೃತ್ತಿಯೂ ಇದೆ. ಮುಂದಿನ ಅಂಕಿಗಳು 2017ರ ಆವೃತ್ತಿಯವು. ಅರ್ಜಿ ಹಾಕುವಾಗ ರಾಜ್ಯದಲ್ಲಿ ಜಾರಿಯಲ್ಲಿರುವುದು ಯಾವುದೆಂದು ಕೇಳಿಕೊಂಡೇ ಮುಂದುವರಿಯಿರಿ.

ಹಳೆ ಕಟ್ಟಡಕ್ಕೆ ಹೊಸ ಭಾಗ ಸೇರಿಸುವವರಿಗೆ ಎರಡು ದಾರಿಗಳಿವೆ. ಸೇರಿಸಿದ ಭಾಗ ಮಾತ್ರ ಸಂಹಿತೆಗೆ ಹೊಂದಿದರೂ ಸರಿ, ಹಳತು–ಹೊಸತು ಒಟ್ಟಾಗಿ ಹೊಂದಿದರೂ ಸರಿ. ಮೇಲೊಂದು ಅಂತಸ್ತು ಏರಿಸುವವರಿಗೆ ಮೊದಲನೆಯದೇ ಸಲೀಸು. ಹಳೆ ಎ.ಸಿ. ವ್ಯವಸ್ಥೆಯನ್ನೇ ಬಳಸುವುದಾದರೆ ಅದನ್ನು ಕಿತ್ತುಹಾಕಬೇಕಿಲ್ಲ, ಹೊಸದಾಗಿ ತರುವ ಯಂತ್ರ ಮಾತ್ರ ಮಟ್ಟ ಮುಟ್ಟಬೇಕು. ಸಣ್ಣ ಸ್ಪ್ಲಿಟ್ ಎ.ಸಿ.ಗೆ ಕನಿಷ್ಠ 3 ಸ್ಟಾರ್. ದೀಪದ ವಿಷಯ ಹಗುರ: ಕಚೇರಿಗೆ ಚದರ ಮೀಟರಿಗೆ 9.5 ವ್ಯಾಟ್ ಮಿತಿ, ಎಲ್‌ಇಡಿ ಹಾಕಿದರೆ ಸಾಮಾನ್ಯವಾಗಿ ಅದರೊಳಗೇ ಮುಗಿಯುತ್ತದೆ.

ಎಡವುವುದು ಕಿಟಕಿಯಲ್ಲಿ. ಗಾಜಿನ ಯು-ಮೌಲ್ಯ, ಅಂದರೆ ಒಳ–ಹೊರಗಿನ ಉಷ್ಣಾಂಶದ ವ್ಯತ್ಯಾಸದಿಂದ ಶಾಖ ದಾಟುವ ಪ್ರಮಾಣ, 3.0 ಮೀರಬಾರದು, ಬಿಸಿಲಿನ ಶಾಖ ಒಳಬಿಡುವ ಪ್ರಮಾಣ, ಅಂದರೆ ಎಸ್‌ಎಚ್‌ಜಿಸಿ, 0.27 ದಾಟಬಾರದು. ಬಣ್ಣದ ಅಥವಾ ರಿಫ್ಲೆಕ್ಟಿವ್ ಒಂಟಿ ಗಾಜು ಎರಡನೆಯದನ್ನು ಮುಟ್ಟಿದರೂ ಮೊದಲನೆಯದರಲ್ಲಿ ಸೋಲುತ್ತದೆ, ಏಕೆಂದರೆ ಸಾದಾ ಒಂಟಿ ಗಾಜಿನ ಯು-ಮೌಲ್ಯ 5.7ರ ಆಸುಪಾಸು. ಹಾಗಾಗಿ ಜೋಡಿ ಗಾಜಿಗೆ ಹೋಗಬೇಕು. 6 ಮಿ.ಮೀ. ಗಾಜು, 12 ಮಿ.ಮೀ. ಅಂತರ, ಮತ್ತೆ 6 ಮಿ.ಮೀ. ಗಾಜು, ಒಟ್ಟು ದಪ್ಪ 24. ಹಳೆ ಅಲ್ಯೂಮಿನಿಯಂ ಫ್ರೇಮಿನ ತೋಡು 5 ಮಿ.ಮೀ. ಗಾಜಿಗೆ ಮಾಡಿದ್ದು, ಇದು ಅದರಲ್ಲಿ ಕೂರುವುದಿಲ್ಲ. ತೂಕವೂ ಚದರ ಮೀಟರಿಗೆ ಹನ್ನೆರಡೂವರೆ ಕೆ.ಜಿ.ಯಿಂದ ಮೂವತ್ತಕ್ಕೆ ಏರುತ್ತದೆ, ಹಳೆ ರೋಲರ್ ತಡೆಯುವುದಿಲ್ಲ. ಇನ್ನೊಂದು ಮೋಸವಿದೆ: ಅಂಗಡಿಯವರು ಕೊಡುವ ಯು-ಮೌಲ್ಯ ಗಾಜಿನ ನಡುಭಾಗದ್ದು, ಸಂಹಿತೆ ಕೇಳುವುದು ಫ್ರೇಮೂ ಸೇರಿದ್ದು. ಥರ್ಮಲ್ ಬ್ರೇಕ್ (ಶಾಖ ದಾಟದಂತೆ ಲೋಹದ ನಡುವೆ ಇಡುವ ತಡೆಪಟ್ಟಿ) ಇಲ್ಲದ ಅಲ್ಯೂಮಿನಿಯಂ ಫ್ರೇಮು ಒಳ್ಳೆ ಗಾಜಿನ ಲೆಕ್ಕವನ್ನೂ ಕೆಡಿಸುತ್ತದೆ.

ಉತ್ತರ ದಿಕ್ಕಿನ ಗಾಜಿಗೆ 15 ಡಿಗ್ರಿ ಅಕ್ಷಾಂಶದಿಂದ ಮೇಲಕ್ಕೆ ಎಸ್‌ಎಚ್‌ಜಿಸಿ 0.5ರವರೆಗೆ ರಿಯಾಯಿತಿ ಇದೆ. ಆ ಗೆರೆ ಹಾಯುವುದು ನಮ್ಮ ರಾಜ್ಯದ ನಡುವೆಯೇ. ಹುಬ್ಬಳ್ಳಿಗೆ ರಿಯಾಯಿತಿ ಸಿಗುತ್ತದೆ, ದಾವಣಗೆರೆ, ಬೆಂಗಳೂರಿಗೆ ಇಲ್ಲ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಬೆಂಗಳೂರಿನಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ದಕ್ಷಿಣಕ್ಕೆ ಹೋದಷ್ಟೂ ಅಂಥ ದಿನಗಳು ಹೆಚ್ಚು. ಇಷ್ಟಿದ್ದೂ ನವೀಕರಣದ ಹೆಸರಲ್ಲಿ ಮೊದಲು ಒಡೆಯುವುದು ಹಳೆ ಸಜ್ಜಾಗಳನ್ನೇ! ಸಜ್ಜಾದ ನೆರಳನ್ನು ಸಂಹಿತೆ ಲೆಕ್ಕಕ್ಕೆ ಹಿಡಿದು ಗಾಜಿನ ಮೇಲಿನ ಬಿಗಿಯನ್ನು ಸಡಿಲಿಸುತ್ತದೆ. ಅದನ್ನು ಕೆಡವಿದವರು ಆ ನೆರಳಿನ ಬೆಲೆಯನ್ನು ದುಬಾರಿ ಗಾಜಿನಲ್ಲಿ ತೆರುತ್ತಾರೆ.

ತಾರಸಿಗೆ ಬೇಕಾದ ಯು-ಮೌಲ್ಯ 0.33, ಬರಿಯ 150 ಮಿ.ಮೀ. ಆರ್‌ಸಿಸಿಯದ್ದು ಸುಮಾರು 3. ಕಡಿಮೆಯೆಂದರೂ 80 ಮಿ.ಮೀ. ಎಕ್ಸ್‌ಪಿಎಸ್ ಹಲಗೆ (ಶಾಖ ತಡೆಯುವ ಗಟ್ಟಿ ಫೋಮ್) ಬೇಕು. ಗುತ್ತಿಗೆದಾರರು ರೂಢಿಯಂತೆ ಹೇಳುವ 50 ಸಾಲದು. ಕ್ರಮ ಹೀಗೆ: ಮೊದಲು ಇಳಿಜಾರಿನ ಗಾರೆ, ಅದರ ಮೇಲೆ ವಾಟರ್‌ಪ್ರೂಫಿಂಗ್, ನೀರು ನಿಲ್ಲಿಸಿ ಪರೀಕ್ಷೆ, ಆಮೇಲೆ ಹಲಗೆ, ಜಿಯೋಟೆಕ್ಸ್‌ಟೈಲ್ ಎಂಬ ಸಂಶ್ಲೇಷಿತ ಬಟ್ಟೆ, ಕೊನೆಗೆ ರಕ್ಷಣೆಯ ಕಾಂಕ್ರೀಟು. ಈ ಕಾಂಕ್ರೀಟು 50 ಮಿ.ಮೀ. ಇದ್ದರೆ ಚದರ ಮೀಟರಿಗೆ 120 ಕೆ.ಜಿ. ಭಾರ. ಆದ್ದರಿಂದ ಹಳೆಯ ಬ್ರಿಕ್ ಬ್ಯಾಟ್ ಕೋಬಾ (ಇಟ್ಟಿಗೆ ಚೂರು–ಗಾರೆಯ ಪದರ) ತೆಗೆಯದೆ ಇದನ್ನು ಹೇರಬಾರದು, ಸ್ಟ್ರಕ್ಚರಲ್ ಎಂಜಿನಿಯರ್ ಸಹಿಯೂ ಬೇಕು. ಗೋಡೆಯ ಯು-ಮೌಲ್ಯಕ್ಕೆ ಬೆಂಗಳೂರಿನ ಹವೆಯಲ್ಲಿ ಸಾಮಾನ್ಯ ಮಿತಿ 0.55. ಬರೀ 200 ಮಿ.ಮೀ. ಎಎಸಿ ಬ್ಲಾಕ್ (ಹಗುರ ಗಾಳಿಗುಳ್ಳೆ ಕಾಂಕ್ರೀಟಿನ ಇಟ್ಟಿಗೆ) 0.75ರ ಸುಮಾರಿಗೇ ನಿಂತುಬಿಡುತ್ತದೆ.

ಕಾಂಕ್ರೀಟು ಸುರಿದ ಮೇಲೆ ಒಳಗಿರುವುದು 50ರ ಹಲಗೆಯೋ 80ರದೋ ಒಡೆಯದೆ ಹೇಳಲಾಗದು. ಅಳತೆಪಟ್ಟಿ ಇಟ್ಟು ತೆಗೆದ ಫೋಟೊ, ಹಲಗೆಯ ಬಿಲ್ಲು, ಗಾಜಿನ ಪರೀಕ್ಷಾ ಪ್ರಮಾಣಪತ್ರ ಈ ಮೂರನ್ನೂ ಸುರಿಯುವ ಮುಂಚೆಯೇ ಫೈಲಿಗೆ ಸೇರಿಸಿಡಬೇಕು.