ಫಿಜಿ ಪೇಪರ್‌ಗಳು ಸರ್ಕಾರ ಹೇಳಿದ್ದನ್ನೇ ಬರೀತಾವಾ?

ಫಿಜಿ ಬಗ್ಗೆ ಬರೆದಾಗೆಲ್ಲ ಈ ಪ್ರಶ್ನೆ ಬಂದೇ ಬರುತ್ತೆ: "ಅಲ್ಲಿನ ಪೇಪರ್‌ಗಳೆಲ್ಲಾ ಸರ್ಕಾರದ ತುತ್ತೂರಿ ಅಂತಾರಲ್ಲ, ನಿಜಾನಾ?"

ಎಲ್ಲಾನೂ ಅಲ್ಲ. ಆದ್ರೆ ಹಾಗೆ ಮಾಡೋಕೆ ವರ್ಷಗಟ್ಟಲೆ ಪ್ರಯತ್ನ ಪಟ್ಟಿದ್ದಂತೂ ನಿಜ.

ಪೆಸಿಫಿಕ್ ಸಾಗರದಲ್ಲಿ ಸುಮಾರು 9 ಲಕ್ಷ ಜನ ಇರೋ ದ್ವೀಪ ದೇಶ ಅದು, ದಿನಪತ್ರಿಕೆ ಅಂದ್ರೆ ಮುಖ್ಯವಾಗಿ ಎರಡು, ಫಿಜಿ ಟೈಮ್ಸ್ ಮತ್ತು ಫಿಜಿ ಸನ್, ಎರಡೂ ಇಂಗ್ಲಿಷ್. ಫಿಜಿ ಟೈಮ್ಸ್ 1869ರಲ್ಲಿ ಲೆವುಕಾ ಅನ್ನೋ ಊರಲ್ಲಿ ಶುರುವಾಗಿದ್ದು, ಆಗಿನ್ನೂ ಫಿಜಿ ಬ್ರಿಟಿಷರ ಕೈಗೂ ಹೋಗಿರಲಿಲ್ಲ. ಅದೇ ಸಂಸ್ಥೆಯಿಂದ ಮೂಲನಿವಾಸಿಗಳ ಭಾಷೇಲಿ ನಾಯ್ ಲಾಲಾಕಾಯ್, ಕಬ್ಬಿನ ಕೂಲಿಗೆ ಅಂತ ಇಲ್ಲಿಂದ ಹೋದ ಗಿರ್ಮಿಟಿಯಾಗಳ ಮಕ್ಕಳು ಮೊಮ್ಮಕ್ಕಳಿಗಾಗಿ ಹಿಂದೀಲಿ ಶಾಂತಿ ದೂತ್ ಅನ್ನೋ ವಾರಪತ್ರಿಕೆಗಳೂ ಬಂದ್ವು.

ಈಗ 2009ಕ್ಕೆ ಬರೋಣ, ಇಡೀ ಪ್ರಶ್ನೆಗೆ ಉತ್ತರ ಅಲ್ಲೇ ಇರೋದು. 2006ರಲ್ಲಿ ಸೇನಾ ಮುಖ್ಯಸ್ಥ ಬೈನಿಮರಾಮ ಅಧಿಕಾರ ಕಿತ್ಕೊಂಡಿದ್ರು, 2009ರ ಏಪ್ರಿಲ್‌ನಲ್ಲಿ ಕೋರ್ಟು ಆ ಸರ್ಕಾರ ಕಾನೂನುಬಾಹಿರ ಅಂತು, ಮಾರನೇ ದಿನವೇ ಸಂವಿಧಾನ ರದ್ದು! ಎಮರ್ಜೆನ್ಸಿ ನಿಯಮ ಬಂತು, ಅಧಿಕಾರಿಗಳು ಪೊಲೀಸ್ರನ್ನ ಕರ್ಕೊಂಡು ನ್ಯೂಸ್‌ರೂಮ್‌ಗೇ ಬಂದು ಕೂತು ಪೇಪರ್ ಅಚ್ಚಿಗೆ ಹೋಗೋಕೆ ಮುಂಚೆ ಸುದ್ದಿ ಓದಿ ಬೇಡವಾದ್ದನ್ನ ತೆಗೆಸ್ತಿದ್ರು. ಫಿಜಿ ಟೈಮ್ಸ್‌ನೋರು ಏನ್ ಮಾಡಿದ್ರು ಗೊತ್ತಾ, ತೆಗೆದ ಜಾಗದಲ್ಲಿ ಬೇರೆ ಏನೂ ತುಂಬಿಸ್ದೆ ಹಾಗೇ ಖಾಲಿ ಬಿಟ್ಟು, ಸರ್ಕಾರದ ನಿರ್ಬಂಧದಿಂದ ಈ ಸುದ್ದಿ ಹಾಕೋಕೆ ಆಗ್ಲಿಲ್ಲ ಅಂತ ಒಂದು ಸಾಲು ಅಚ್ಚು ಹಾಕಿದ್ರು. ನನ್ನ ಪ್ರಕಾರ ಅವತ್ತಿನ ಅತಿ ದೊಡ್ಡ ಸುದ್ದಿ ಆ ಖಾಲಿ ಜಾಗವೇ. ಇದಕ್ಕೂ ಮುಂಚೆಯೇ, 2008ರಲ್ಲೂ 2009ರ ಜನವರಿಯಲ್ಲೂ, ಸರ್ಕಾರ ಫಿಜಿ ಟೈಮ್ಸ್‌ನ ಪ್ರಕಾಶಕರನ್ನ ದೇಶ ಬಿಟ್ಟು ಕಳಿಸಿತ್ತು.

ಸೆನ್ಸಾರ್ 2012ರಲ್ಲಿ ಹೋಯ್ತು, ಆದ್ರೆ ಅಷ್ಟರಲ್ಲಿ ಅದಕ್ಕಿಂತ ಗಟ್ಟಿ ಹಗ್ಗ ರೆಡಿ ಇತ್ತು. 2010ರ ಮೀಡಿಯಾ ಕಾನೂನು. ದೇಶದ ಹಿತಕ್ಕೆ ವಿರುದ್ಧ ಅನ್ನಿಸೋದನ್ನ ಹಾಕಿದ್ರೆ ಸಂಸ್ಥೆಗೆ 1 ಲಕ್ಷ ಫಿಜಿ ಡಾಲರ್‌ವರೆಗೆ ದಂಡ, ಜೈಲೂ ಉಂಟು. "ದೇಶದ ಹಿತ" ಯಾವುದು ಅಂತ ಹೇಳೋರು ಯಾರು ಮತ್ತೆ? ಜೊತೆಗೆ ಮಾಲೀಕತ್ವದಲ್ಲಿ 90% ಸ್ಥಳೀಯರೇ ಇರ್ಬೇಕು ಅನ್ನೋ ರೂಲ್, ಅದರಿಂದ ಆಗಿನ ವಿದೇಶಿ ಮಾಲೀಕ, ರೂಪರ್ಟ್ ಮರ್ಡಾಕ್‌ರ ಮಾಧ್ಯಮ ಕಂಪನಿ, ಫಿಜಿ ಟೈಮ್ಸನ್ನ ಅಲ್ಲಿನ ಮೋತಿಭಾಯ್ ಗ್ರೂಪ್‌ಗೆ ಮಾರಬೇಕಾಯ್ತು. ಸರ್ಕಾರಿ ಜಾಹೀರಾತೂ ಟೈಮ್ಸ್‌ಗೆ ಬಂದ್, ಎಲ್ಲಾ ಫಿಜಿ ಸನ್‌ಗೆ. ಅಷ್ಟು ಸಣ್ಣ ಮಾರ್ಕೆಟ್‌ನಲ್ಲಿ ಸರ್ಕಾರದ ಆ್ಯಡ್ ಇಲ್ದೆ ಪೇಪರ್ ನಡೆಸೋದು ಅಂದ್ರೆ ಸುಮ್ನೆ ಮಾತಲ್ಲ, ಸನ್ ಸರ್ಕಾರದ ಪರ ಅನ್ನೋ ಮಾತು ಬಂದಿದ್ದೂ ಇದರಿಂದಾನೇ.

ಇಷ್ಟು ಸಾಲ್ದು ಅಂತ ನಾಯ್ ಲಾಲಾಕಾಯ್‌ನಲ್ಲಿ 2016ರಲ್ಲಿ ಬಂದ ಒಬ್ಬ ಓದುಗರ ಪತ್ರಕ್ಕೆ ಫಿಜಿ ಟೈಮ್ಸ್ ಸಂಪಾದಕ ಫ್ರೆಡ್ ವೆಸ್ಲಿ ಮೇಲೂ ದೇಶದ್ರೋಹದ ಕೇಸ್ ಬಿತ್ತು. ಪತ್ರ ಮುಸ್ಲಿಮರ ಬಗ್ಗೆ ಕೆಟ್ಟದಾಗಿತ್ತು, ಅದನ್ನ ಹಾಕಿದ್ದು ಸರಿ ಅಂತ ನಾನು ಹೇಳಲ್ಲ, ಆದ್ರೆ ಅದಕ್ಕೆ ದೇಶದ್ರೋಹ ಅಂದ್ರೆ ಅತಿಯಾಯ್ತು. 2018ರ ಮೇನಲ್ಲಿ ಕೋರ್ಟು ಎಲ್ಲರನ್ನೂ ಬಿಟ್ಟಿತು.

2022ರ ಕೊನೆಗೆ ಸರ್ಕಾರ ಬದಲಾಗಿ ರಬುಕಾ ಪ್ರಧಾನಿಯಾದ್ರು, 2023ರ ಏಪ್ರಿಲ್‌ನಲ್ಲಿ ಆ ಮೀಡಿಯಾ ಕಾನೂನು ರದ್ದಾಯ್ತು. ಪತ್ರಿಕಾ ಸ್ವಾತಂತ್ರ್ಯದ ಜಾಗತಿಕ ಪಟ್ಟೀಲಿ 2022ರಲ್ಲಿ 102ನೇ ಜಾಗದಲ್ಲಿದ್ದ ಫಿಜಿ 2024ಕ್ಕೆ 44ಕ್ಕೆ ಬಂತು. ದೇಶದ್ರೋಹದ ಕಲಂ ಮಾತ್ರ ಕಾನೂನು ಪುಸ್ತಕದಿಂದ ಹೋಗಿಲ್ಲ, ಹಾಗಾಗಿ ಅಲ್ಲಿ ಏನಾದ್ರೂ ದೊಡ್ಡ ರಾಜಕೀಯ ಸುದ್ದಿ ಆದಾಗ ಎರಡೂ ಪೇಪರ್ ನೋಡಿ, ನೆಟ್‌ನಲ್ಲೇ ಸಿಗ್ತವೆ, ಒಂದರಲ್ಲಿ ಮುಖಪುಟಕ್ಕೆ ಬಂದಿದ್ದು ಇನ್ನೊಂದರಲ್ಲಿ ಎಲ್ಲಿದೆ ಅಂತ ಹುಡುಕಿ.