ಫ್ಲಶ್ ನೀರು ನಾರಿದರೆ ಕ್ಲೋರಿನ್ ಸುರಿಯಬೇಡಿ

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಫ್ಲಶ್‌ಗೆ ಎಸ್‌ಟಿಪಿಯಿಂದ (ಕೊಳಚೆ ನೀರು ಶುದ್ಧೀಕರಿಸುವ ಘಟಕ) ಮರಳಿ ಬರುವ ನೀರು ಹಳದಿಯಾಗಿ ನಾರತೊಡಗಿದರೆ ಸಂಘದವರು ಮೊದಲು ಹೈಪೋ (ದ್ರವರೂಪದ ಕ್ಲೋರಿನ್) ಹೆಚ್ಚಿಸುತ್ತಾರೆ, ಆಮೇಲೆ ಕಾರ್ಬನ್ ಫಿಲ್ಟರಿನ ಇದ್ದಿಲು ಬದಲಿಸುತ್ತಾರೆ. ಸ್ವಲ್ಪ ದಿನ ಸುಮ್ಮನಿದ್ದು ನಾತ ಮತ್ತೆ ಬರುತ್ತದೆ. ಹೆಚ್ಚಿನ ಕಡೆ ತೊಂದರೆ ಇರುವುದು ಫಿಲ್ಟರಿಗೂ ಹಿಂದಿನ ಏರೇಶನ್ ಟ್ಯಾಂಕಿನಲ್ಲಿ, ಅಂದರೆ ಗಾಳಿ ಊದಿ ಕೊಳೆ ತಿನ್ನುವ ಬ್ಯಾಕ್ಟೀರಿಯಾ ಬೆಳೆಸುವ ಟ್ಯಾಂಕಿನಲ್ಲಿ. ಅಲ್ಲಿಂದ ಯಾರೂ ಸ್ಲಡ್ಜ್, ಅಂದರೆ ಬ್ಯಾಕ್ಟೀರಿಯಾ ಬೆಳೆದು ಆದ ಕೆಸರು, ತೆಗೆದೇ ಇರುವುದಿಲ್ಲ.

ಲೆಕ್ಕ ಹಾಕಿ. ನೂರು ಮನೆ, ಮನೆಗೆ ನಾಲ್ಕೂವರೆ ಜನ, ತಲೆಗೆ 135 ಲೀಟರ್ ಎಂದರೆ ದಿನಕ್ಕೆ 60 ಸಾವಿರ ಲೀಟರ್ ಬಳಕೆ. ಸುಮಾರು 50 ಸಾವಿರ ಲೀಟರ್ ಎಸ್‌ಟಿಪಿಗೆ ಇಳಿಯುತ್ತದೆ. ಬಿಒಡಿ (ಬ್ಯಾಕ್ಟೀರಿಯಾ ತಿನ್ನಬಲ್ಲ ಕೊಳೆಯ ಅಳತೆ) ಲೀಟರಿಗೆ 250 ಮಿಲಿಗ್ರಾಂ ಇದ್ದರೆ ದಿನದ ಹೊರೆ 12.5 ಕಿಲೋ. ಅದನ್ನು ತಿಂದ ಬ್ಯಾಕ್ಟೀರಿಯಾ ಬೆಳೆದು, ಒಣ ತೂಕದಲ್ಲಿ 6 ಕಿಲೋದಷ್ಟು ಹೊಸ ಸ್ಲಡ್ಜ್ ನಿತ್ಯ ಹುಟ್ಟುತ್ತದೆ. ಕ್ಲಾರಿಫೈಯರಿನ (ಸ್ಲಡ್ಜ್ ತಳಕ್ಕೆ ಕುಳಿತು ನೀರು ತಿಳಿಯಾಗುವ ಟ್ಯಾಂಕ್) ತಳದಿಂದ ಏರೇಶನ್ ಟ್ಯಾಂಕಿಗೆ ಮರಳಿಸುವ ರಿಟರ್ನ್ ಲೈನಿನಲ್ಲಿ ಅದು ಲೀಟರಿಗೆ 8 ಗ್ರಾಂ ದಪ್ಪಗಿದ್ದರೆ ದಿನಕ್ಕೆ 750 ಲೀಟರ್ ಹೊರಹಾಕಬೇಕು. ಏರೇಶನ್ ಟ್ಯಾಂಕಿನಲ್ಲಿ ಇರಬೇಕಾದದ್ದೇ 175 ಕಿಲೋ ಆಸುಪಾಸು. ಒಂದು ತಿಂಗಳು ಸ್ಲಡ್ಜ್ ಹೊರಹಾಕುವ ವಾಲ್ವ್ ಮುಟ್ಟದಿದ್ದರೆ ಅದು ಇಮ್ಮಡಿಯಾಗುತ್ತದೆ, ಇಲ್ಲವೇ ಕ್ಲಾರಿಫೈಯರಿನಿಂದ ಉಕ್ಕಿ ಮರಳು ಫಿಲ್ಟರಿಗೆ ನುಗ್ಗುತ್ತದೆ. ಸುರಿದ ಕ್ಲೋರಿನ್ನೆಲ್ಲ ಆ ಕಣಗಳಿಗೇ ಖರ್ಚು, ನೀರಿಗೆ ಉಳಿಯುವುದಿಲ್ಲ.

ಇದನ್ನು ಹಿಡಿಯಲು ಲ್ಯಾಬ್ ಬೇಕಿಲ್ಲ. ಗಾಳಿ ಊದುವ ಬ್ಲೋವರ್ ಓಡುತ್ತಿರುವಾಗ ಏರೇಶನ್ ಟ್ಯಾಂಕಿನಿಂದ ಒಂದು ಲೀಟರಿನ ಅಳತೆ ಜಾಡಿ ತುಂಬಿ, ಅಲುಗಾಡಿಸದೆ 30 ನಿಮಿಷ ಬಿಡಿ. ಸ್ಲಡ್ಜ್ 250ರಿಂದ 350 ಮಿ.ಲೀ.ಗೆ ಇಳಿದು ಮೇಲೆ ತಿಳಿನೀರು ನಿಂತರೆ ಆರೋಗ್ಯವಾಗಿದೆ. 800, 900ರಲ್ಲೇ ನಿಂತರೆ ಎರಡು ಕಾರಣ ಇರಬಹುದು, ಔಷಧಿ ಬೇರೆಬೇರೆ. ಅದೇ ಟ್ಯಾಂಕಿನ ಅರ್ಧ ಲೀಟರಿಗೆ ಕ್ಲಾರಿಫೈಯರಿನ ತಿಳಿನೀರು ಅರ್ಧ ಲೀಟರ್ ಬೆರೆಸಿ ಮತ್ತೆ ನೋಡಿ. ಈಗ ಚೆನ್ನಾಗಿ ಕೆಳಗಿಳಿದರೆ ಸ್ಲಡ್ಜ್ ಅತಿಯಾಗಿದೆ, ತೆಗೆಯಿರಿ. ಆದರೆ ಒಂದೇ ದಿನ ಅಲ್ಲ, ವಾರವಿಡೀ ಸ್ವಲ್ಪಸ್ವಲ್ಪವಾಗಿ. ಆಗಲೂ ಇಳಿಯದಿದ್ದರೆ ನಾರಿನಂಥ ಬ್ಯಾಕ್ಟೀರಿಯಾ ಹಬ್ಬಿವೆ. ಅದಕ್ಕೆ ಸಾಮಾನ್ಯ ಕಾರಣ ಗಾಳಿಯ ಕೊರತೆ. ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂ ಸುತ್ತ ಇರಬೇಕು. ಬೆಸ್ಕಾಂ ಬಿಲ್ ಉಳಿಸಲು ರಾತ್ರಿಯಿಡೀ ಬ್ಲೋವರ್ ಆರಿಸುವ ಕಡೆ ಅದು ಸೊನ್ನೆಗೆ ಬರುತ್ತದೆ. ಟ್ಯಾಂಕಿನ ಒಂದೇ ಮೂಲೆಯಲ್ಲಿ ದಪ್ಪ ಗುಳ್ಳೆ ಕುದಿಯುತ್ತಿದ್ದರೆ ಅಲ್ಲಿಯ ಡಿಫ್ಯೂಸರ್ (ಗಾಳಿಯನ್ನು ಸಣ್ಣ ಗುಳ್ಳೆಗಳಾಗಿ ಬಿಡುವ ಪೊರೆ) ಹರಿದಿದೆ. ಬ್ಲೋವರಿನ ಪ್ರೆಶರ್ ಗೇಜ್ ಮೇಲೇರುತ್ತಿದ್ದರೆ ಡಿಫ್ಯೂಸರ್‌ಗಳು ಕಟ್ಟಿಕೊಂಡಿವೆ.

ಜಾಡಿಯನ್ನು ಇನ್ನೊಂದು ಗಂಟೆ ಹಾಗೇ ಬಿಡಿ. ಕುಳಿತ ಸ್ಲಡ್ಜ್ ಗುಳ್ಳೆ ಸಮೇತ ತೇಲಿದರೆ, ನೈಟ್ರೇಟ್ ಒಡೆದು ಸಾರಜನಕ ಬರುತ್ತಿದೆ. ಕ್ಲಾರಿಫೈಯರಿನಲ್ಲೂ ಅದೇ ನಡೆಯುತ್ತಿರುತ್ತದೆ. ಸ್ಲಡ್ಜ್ ಅಲ್ಲಿ ಹೆಚ್ಚು ಹೊತ್ತು ಕೂರದಂತೆ ರಿಟರ್ನ್ ಪಂಪಿನ ಓಟ ಹೆಚ್ಚಿಸಬೇಕು.

ಇನ್ನು ಸಗಣಿ, ಬೆಲ್ಲ. ಪ್ಲಾಂಟಿನ ಬ್ಯಾಕ್ಟೀರಿಯಾ ಸತ್ತಾಗಲೆಲ್ಲ ಆಪರೇಟರುಗಳು ಇವೆರಡನ್ನು ಕಲಸಿ ಸುರಿಯುತ್ತಾರೆ. ಹಸುವಿನ ಹೊಟ್ಟೆಯ ಸೂಕ್ಷ್ಮಜೀವಿಗಳಲ್ಲಿ ಬಹುಪಾಲು ಗಾಳಿಯಿಲ್ಲದೆ ಬದುಕುವಂಥವು, ಗಾಳಿ ಊದುವ ಟ್ಯಾಂಕಿನಲ್ಲಿ ಅವಕ್ಕೇನು ಕೆಲಸ? ಹತ್ತಿರದ ಚೆನ್ನಾಗಿ ನಡೆಯುವ ಎಸ್‌ಟಿಪಿಯಿಂದ ಒಂದು ಟ್ಯಾಂಕರ್ ಸ್ಲಡ್ಜ್ ತಂದು ಹಾಕುವುದೇ ಸರಿ. ಹಬ್ಬದ ಮುನ್ನ ಮನೆಮನೆಯಲ್ಲೂ ಆ್ಯಸಿಡ್, ಬ್ಲೀಚಿಂಗ್ ಪೌಡರ್ ಸುರಿದರೆ ಅದೂ ಸಾಯುತ್ತದೆ ಎನ್ನುವುದು ಬೇರೆ ಮಾತು.

ತೆಗೆದ ಸ್ಲಡ್ಜ್ ಹೋಲ್ಡಿಂಗ್ ಟ್ಯಾಂಕಿನಲ್ಲಿ ಕೊಳೆಯಲು ಬಿಡಬಾರದು. ಅಲ್ಲಿಗೂ ಗಾಳಿ ಬೇಕು, ಸ್ಲಡ್ಜಿನ ನೀರು ಹಿಂಡುವ ಫಿಲ್ಟರ್ ಪ್ರೆಸ್ ತಪ್ಪದೆ ಓಡಬೇಕು. ಪ್ರೆಸ್‌ನ ಬಟ್ಟೆ ಕಟ್ಟಿಕೊಂಡು ವಾರಗಟ್ಟಲೆ ನಿಂತರೆ ಹೋಲ್ಡಿಂಗ್ ಟ್ಯಾಂಕಿನಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ತುಂಬುತ್ತದೆ. ಕೊಳೆತ ಮೊಟ್ಟೆಯ ವಾಸನೆ ನಿಂತಿತೆಂದು ಯಾರೂ ಇಳಿಯಬಾರದು: ಪ್ರಮಾಣ ಹೆಚ್ಚಾದಾಗ ಮೂಗು ಅದನ್ನು ಗುರುತಿಸುವುದನ್ನೇ ಬಿಟ್ಟುಬಿಡುತ್ತದೆ. ಸ್ಲಡ್ಜ್ ಕಟ್ಟಿಕೊಂಡ ಟ್ಯಾಂಕನ್ನು ಮೇಲಿನಿಂದ ಸಕ್ಷನ್ ಟ್ಯಾಂಕರಿನಲ್ಲೇ ಖಾಲಿ ಮಾಡಿಸಿ.