ಸನ್ ಸೆಷನ್ಸ್

ರಾಕ್ ಅಂಡ್ ರೋಲ್ ಗಾಯಕ ಎಲ್ವಿಸ್ ಪ್ರೀಸ್ಲಿ 1954 ಮತ್ತು 55ರಲ್ಲಿ ಅಮೆರಿಕದ ಮೆಂಫಿಸ್‌ನ ಸನ್ ರೆಕಾರ್ಡ್ಸ್ ಕಂಪನಿಗೆ ಹಾಡಿದ ಹಾಡುಗಳನ್ನು ‘ಸನ್ ಸೆಷನ್ಸ್’ ಅನ್ನುತ್ತಾರೆ. 1976ರಲ್ಲಿ ಆರ್‌ಸಿಎ ಕಂಪನಿ ಅವನ್ನು ಒಟ್ಟು ಮಾಡಿ ತಂದ ಎಲ್‌ಪಿಗೂ (ಹಲವು ಹಾಡುಗಳ ದೊಡ್ಡ ಗ್ರಾಮಫೋನ್ ತಟ್ಟೆ) ಇದೇ ಹೆಸರು. ಸ್ಟುಡಿಯೊದಲ್ಲಿ ಒಮ್ಮೆ ಕೂತು ಹಾಡಿ ಮುಗಿಸುವುದೇ ಒಂದು ಸೆಷನ್.

ಅಂದರೆ ಇದು ಹೊಸ ಹಾಡುಗಳ ಆಲ್ಬಮ್ ಅಲ್ಲ, ಸಂಕಲನ. ಸನ್ ಕಂಪನಿ ತಂದಿದ್ದು ಎಲ್ವಿಸ್‌ನ ಐದೇ ಸಿಂಗಲ್ ತಟ್ಟೆ, ಒಂದೊಂದರಲ್ಲಿ ಎರಡು ಹಾಡು. 1955ರ ನವೆಂಬರ್‌ನಲ್ಲಿ ಆರ್‌ಸಿಎ 35,000 ಡಾಲರ್ ಕೊಟ್ಟು ಅವನ ಕಾಂಟ್ರಾಕ್ಟ್ ಕೊಂಡಿತು. ಟೇಪುಗಳೂ ಜೊತೆಗೇ ಬಂದವು. ಆಮೇಲೆ ಆ ಹಾಡುಗಳು ಬೇರೆ ಬೇರೆ ಆಲ್ಬಮ್‌ಗಳಲ್ಲಿ ಹೊಸ ಹಾಡುಗಳ ನಡುವೆ ಹಂಚಿಹೋದವು. ಒಟ್ಟಿಗೆ ಕೇಳಿದಾಗಲೇ ಅವುಗಳ ಜೋರು ಗೊತ್ತಾಗುವುದು.

1954ರ ಜುಲೈ 5ರ ರಾತ್ರಿಯನ್ನೇ ತಗೊಳ್ಳಿ. ಎಲ್ವಿಸ್‌ಗೆ 19 ವರ್ಷ. ಗಿಟಾರಿಗೆ ಸ್ಕಾಟಿ ಮೂರ್, ಬೇಸಿಗೆ (ತಗ್ಗು ಸ್ವರದ ದೊಡ್ಡ ತಂತಿವಾದ್ಯ) ಬಿಲ್ ಬ್ಲ್ಯಾಕ್. ನಿಧಾನದ ಹಾಡುಗಳು ಯಾಕೋ ಕೂಡಿಬರಲಿಲ್ಲ. ಬಿಡುವಿನಲ್ಲಿ ಎಲ್ವಿಸ್ ಸುಮ್ನೆ ಕುಣಿಯುತ್ತಾ ‘ದಟ್ಸ್ ಆಲ್ ರೈಟ್’ ಹಾಡತೊಡಗಿದ. ಉಳಿದಿಬ್ಬರೂ ಸೇರಿಕೊಂಡರು. ಕಂಪನಿಯ ಯಜಮಾನ ಸ್ಯಾಮ್ ಫಿಲಿಪ್ಸ್ ಅವರನ್ನು ತಡೆದು, ಮೊದಲಿನಿಂದ ಹಾಡಿಸಿ ರೆಕಾರ್ಡ್ ಮಾಡಿಕೊಂಡರು.

ಅದರಲ್ಲಿ ಡ್ರಮ್ ಇಲ್ಲ. ಬ್ಲ್ಯಾಕ್ ಬೇಸಿನ ತಂತಿಗಳನ್ನು ಪಟಪಟ ಬಡಿಯುವ ಸದ್ದೇ ತಾಳ. ಸನ್ ಹಾಡುಗಳ ಇನ್ನೊಂದು ಗುರುತು ‘ಸ್ಲ್ಯಾಪ್‌ಬ್ಯಾಕ್’ ಎಕೋ, ಅಂದರೆ ಒಂದು ಬಗೆಯ ಮಾರ್ದನಿ. ಫಿಲಿಪ್ಸ್ ಒಂದು ಟೇಪ್ ರೆಕಾರ್ಡರ್‌ಗೆ ಹೋಗುವ ದನಿಯನ್ನು ಎರಡನೆಯದಕ್ಕೂ ಕಳಿಸುತ್ತಿದ್ದರು. ಅಲ್ಲಿ ಟೇಪ್, ದನಿ ಬರೆಯುವ ರೆಕಾರ್ಡಿಂಗ್ ಹೆಡ್‌ನಿಂದ ಅದನ್ನು ಓದುವ ಪ್ಲೇಬ್ಯಾಕ್ ಹೆಡ್‌ಗೆ ಸರಿಯಲು ಕಣ್ಣು ಮಿಟುಕಿಸುವಷ್ಟು ಹೊತ್ತು ಬೇಕು. ಹಾಗೆ ತಡವಾಗಿ ಬಂದ ದನಿಯನ್ನು ಮೂಲದ ಜೊತೆ ಬೆರೆಸಿದರೆ ಹಾಡುಗಾರನ ಬೆನ್ನಿಗೇ ಅವನ ದನಿ ಇನ್ನೊಮ್ಮೆ ಕೇಳುತ್ತದೆ. ಮೂರೇ ಜನರ ತಂಡ ಅಷ್ಟು ತುಂಬಿಕೊಂಡಂತೆ ಕೇಳಲು ಇದೂ ಒಂದು ಕಾರಣ.

ಆ ಸಿಂಗಲ್‌ನ ಇನ್ನೊಂದು ಬದಿಯಲ್ಲಿದ್ದದ್ದು ‘ಬ್ಲೂ ಮೂನ್ ಆಫ್ ಕೆಂಟಕಿ’, ಬ್ಲೂಗ್ರಾಸ್ ಎಂಬ ಬಿಳಿಯರ ಹಳ್ಳಿಗಾಡಿನ ಸಂಗೀತದ ದೊಡ್ಡ ಹೆಸರು ಬಿಲ್ ಮನ್ರೋ ಅವರ ಹಾಡು. ‘ದಟ್ಸ್ ಆಲ್ ರೈಟ್’ ಕಪ್ಪು ಜನರ ಸಂಗೀತವಾದ ಬ್ಲೂಸ್ ಹಾಡುತ್ತಿದ್ದ ಕಪ್ಪು ಗಾಯಕ ಆರ್ಥರ್ ಕ್ರೂಡಪ್ ಅವರದು. ಕಪ್ಪು ಜನ, ಬಿಳಿಯರು ಒಟ್ಟಿಗೆ ಕೂರುವ ಹಾಗಿಲ್ಲದ ಊರಿನಲ್ಲಿ ಇಬ್ಬರ ಹಾಡೂ ಒಂದೇ ತಟ್ಟೆಯಲ್ಲಿ! ನನಗೆ ಈ ಸಂಕಲನ ಮುಖ್ಯ ಅನ್ನಿಸುವುದು ಇದಕ್ಕೇ.

ಆದರೆ ಕ್ರೂಡಪ್‌ಗೆ ಬರಬೇಕಿದ್ದ ರಾಯಲ್ಟಿ (ಹಾಡು ಬರೆದವರ ಪಾಲಿನ ಹಣ) ಸರಿಯಾಗಿ ಸಿಗಲೇ ಇಲ್ಲ. ಎಲ್ವಿಸ್ ಕೇಳುವವರು 1946ರಲ್ಲಿ ಅವರೇ ಹಾಡಿದ್ದನ್ನೂ ಹುಡುಕಿ ಕೇಳಿ. ಹುಡುಗ ಯಾರಿಂದ ಕಲಿತ ಅನ್ನುವುದು ಅಲ್ಲೇ ಗೊತ್ತಾಗುತ್ತದೆ.